ಆ ಹನ್ನೆರಡು ಜನ: ಮಗಳಿಗೊಂದು ಪತ್ರ

ಪೊನ್ನಂಪೇಟೆ
ಸೆಪ್ಟೆಂಬರ್ 9

ಕುಂಞೀ,

ನೀನು ಬೆಂಗಳೂರು ಸೇರಿದ ಸುದ್ದಿ ಅವ್ವನ ಫೋನಿಗೆ ಬಂತು, ನನ್ನದಕ್ಕೆ ಬರಲಿಲ್ಲ. ಅದನ್ನು ದೂರು ಅಂದುಕೊಳ್ಳಬೇಡ. ಆ ಮಳೆಯಲ್ಲಿ ಗೋಣಿಕೊಪ್ಪದಿಂದ ರಾತ್ರಿ ಬಸ್ಸು ಹತ್ತಿದೆಯಲ್ಲ, ಬಸ್ಸು ಹುಣಸೂರು ದಾಟಿರಬಹುದು ಅನ್ನಿಸುವವರೆಗೆ ನಾನು ಕೈಯಾಲೆಯ ಜಗಲಿಯಲ್ಲೇ ಕೂತಿದ್ದೆ. ಕಡಂಬುಟ್ಟು ಆರಿ ಕಲ್ಲಾಯಿತು. ಆ ದಿನ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ.

ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಕೊಡವ ತಕ್ಕ್ ಆಡಿದರೂ ಪತ್ರ ಬರೆಯಲು ಕೂತರೆ ನನ್ನ ಕೈಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡವೇ.

ಕೈಲ್‌ಪೊಳ್ದ್ ಹಬ್ಬದ ದಿನ ನಡೆದದ್ದನ್ನೆಲ್ಲ ಮತ್ತೆ ಹೇಳುವುದಿಲ್ಲ, ಇಬ್ಬರಿಗೂ ಗೊತ್ತು. ತಾತನ ಕೋವಿಗೆ ತೋಕ್ ಪೂ ಸಿಕ್ಕಿಸಿ ದೀಪದ ಮುಂದೆ ಇಟ್ಟಿದ್ದೆವು. ಅದರ ಪಕ್ಕದಲ್ಲಿ ನೀನು ಅವರ ಸೇನೆಯ ಡಿಸ್ಚಾರ್ಜ್ ಬುಕ್ಕನ್ನೂ ಅವರ ಪದಕ ಕೇಳುವ ಅರ್ಜಿಯನ್ನೂ ಇಟ್ಟು, ಒಕ್ಕದ ಬಂಧುಗಳೆಲ್ಲರ ಎದುರು ಸಹಿ ಹಾಕಿ ಎಂದು ಕೇಳಿದೆ. ನಾನು ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದಾಗ ಉತ್ತರ ಕೊಡಲಿಲ್ಲ. "ನಿಮಗೆ ತಾತ ಅಂದ್ರೆ ನಾಚಿಕೆ ಅಪ್ಪಾ" ಎಂದು ನೀನು ಹೇಳಿದ್ದು ಆಮೇಲೆ.

ಅದು ಸುಳ್ಳಲ್ಲ. ಒಂದು ಕಾಲದಲ್ಲಿ ನಿಜವಾಗಿತ್ತು. ಅದನ್ನೇ ಬರೆಯಬೇಕಾಗಿದೆ.

1988. ನನಗೆ ಇಪ್ಪತ್ತೆರಡು, ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಪತ್ರಿಕೆ ಆಗ ಬಸ್ಸಿನಲ್ಲಿ ಬರುತ್ತಿತ್ತು, ಮಧ್ಯಾಹ್ನ ಕಳೆದ ಮೇಲೆ. ತಾತ ಕೈಯಾಲೆಯ ಅಂಚಿನಲ್ಲಿ ಕೂತು, ಕನ್ನಡಕದ ಒಂದು ಕಡ್ಡಿಯ ಬದಲು ಕಟ್ಟಿದ ದಾರವನ್ನು ಕಿವಿಗೆ ಸುತ್ತಿಕೊಂಡು, ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಕೊಡಗಿನ ಪೈಲಟ್ ಅಜ್ಜಮಾಡ ದೇವಯ್ಯನವರಿಗೆ ಮಹಾವೀರ ಚಕ್ರ ಎಂಬ ಸುದ್ದಿ. ನೀನು ಅವರ ಹೆಸರು ಹೇಳಿಯೇ ನನ್ನ ಬಾಯಿ ಮುಚ್ಚಿಸಿದೆ, "ಅವರಿಗೂ 23 ವರ್ಷ ಬೇಕಾಯ್ತು" ಎಂದು. ಹೌದು, 23 ವರ್ಷ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದೊಂದು ಹಿಂದಿರುಗಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಬ್ರಿಟಿಷ್ ಲೇಖಕ ಬರೆದಾಗಲೇ ಗೊತ್ತಾದದ್ದು: ತನಗಿಂತ ಎಷ್ಟೋ ವೇಗದ ಪಾಕಿಸ್ತಾನಿ ವಿಮಾನ ಸ್ಟಾರ್‌ಫೈಟರ್ ಬೆನ್ನು ಹತ್ತಿದರೂ ತಿರುಗಿ ನಿಂತು, ಅದನ್ನು ಕೆಡವಿ, ತಾವೂ ಬಿದ್ದಿದ್ದರು. ಆ ಸ್ಟಾರ್‌ಫೈಟರಿನ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ್ದ.

ತಾತ ಓದಿ ಮುಗಿಸಿ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, "ಬಂತಲ್ಲ, ತಡವಾದ್ರೂ" ಎಂದರು. ಕಣ್ಣೊರೆಸಿಕೊಂಡರು. ಒಳಗೆ ಹೋಗಿ ಟ್ರಂಕು ತೆಗೆದ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಇದೇ ಡಿಸ್ಚಾರ್ಜ್ ಬುಕ್ಕು. ಮೈಸೂರಿನಿಂದ ಬಂದಿದ್ದ ನನ್ನ ಸ್ನೇಹಿತನೊಬ್ಬ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ. ತಾತ ನನ್ನ ಹತ್ತಿರ ಬಂದು, ಅವನಿಗೆ ಕೇಳಿಸಬಾರದು ಎಂಬ ಹಾಗೆ ಸಣ್ಣ ದನಿಯಲ್ಲಿ, "ನನಗೂ ಒಂದೆರಡು ಬರಬೇಕಿತ್ತು ಅಂತ ಕಾಣ್ತದೆ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು ಕೊಡ್ತೀಯಾ?" ಎಂದು ಕೇಳಿದರು.

ನಾನು ಹೇಳಿದೆ: "ಅವರು ವಿಮಾನ ಹೊಡೆದವರು. ನೀವು ಲಾರಿ ಓಡಿಸಿದ್ದು. ಲಾರಿ ಓಡಿಸಿದ್ದಕ್ಕೆಲ್ಲ ಪದಕ ಕೊಡ್ತಾರಾ?"

ಸ್ನೇಹಿತ ನಕ್ಕ. ತಾತ ಒಂದು ಕ್ಷಣ ಪುಸ್ತಕದ ರಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದರು. "ಅದೂ ಹೌದು" ಎಂದರು. ಪುಸ್ತಕಕ್ಕೆ ದಾರ ಸುತ್ತಿ ಒಳಗಿಟ್ಟು, ದನ ಕಟ್ಟಲು ಹೋದರು.

ಅಷ್ಟೆ ನಡೆದದ್ದು. ನನಗೆ ಇಂದಿಗೂ ಕಿವಿಯಲ್ಲಿರುವುದು ನನ್ನ ಮಾತಲ್ಲ, ಆ "ಅದೂ ಹೌದು". ಅದರಲ್ಲಿ ಕೋಪ ಇರಲಿಲ್ಲ. ಕೋಪವಿದ್ದಿದ್ದರೆ ನಾನು ಎದುರು ಮಾತಾಡಿ ಮರೆತುಬಿಡುತ್ತಿದ್ದೆ. ಅವರು ನಿಜವಾಗಿಯೂ ಒಪ್ಪಿಕೊಂಡರು ಕುಂಞಿ. ಓದಿದ ಮಗ ಹೇಳುತ್ತಿದ್ದಾನೆ, ಸರಿಯೇ ಇರಬೇಕು ಎಂದು ಒಪ್ಪಿಕೊಂಡರು. ಆಮೇಲೆ ಹದಿನಾರು ವರ್ಷ ಬದುಕಿದ್ದರು, ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದು ಹಾಳೆ ಬರೆದರೆ ಸಾಕಿತ್ತು. ಸೊಸೈಟಿಗೆ, ಬೆಳೆ ಸಾಲಕ್ಕೆ, ಆನೆ ತುಳಿದ ಗದ್ದೆಯ ಪರಿಹಾರಕ್ಕೆ ಎಷ್ಟು ಅರ್ಜಿ ಬರೆದಿದ್ದೇನೆ ಲೆಕ್ಕವಿಲ್ಲ.

1993ರ ಮೇ ತಿಂಗಳಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ತೀರಿಕೊಂಡಾಗ ತಾತನನ್ನು ಮಡಿಕೇರಿಗೆ ಕರೆದುಕೊಂಡು ಹೋದವನು ನಾನೇ. ಮಾಣೆಕ್ ಷಾ ಅವರೂ ಬಂದಿದ್ದರು. ತಾತನ ವಯಸ್ಸಿನ ಮಾಜಿ ಸೈನಿಕರು ಎಷ್ಟೊಂದು ಜನ, ಕೋಟಿನ ಎಡಗಡೆ ಪದಕಗಳನ್ನು ಸಾಲಾಗಿ ಚುಚ್ಚಿಕೊಂಡು ಮುಂದೆ ನಿಂತಿದ್ದರು. ತಾತ ತಮ್ಮ ಮದುವೆಯ ಕಾಲದ ಕರಿ ಕೋಟು ಹಾಕಿಕೊಂಡು ಹಿಂದೆ, ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತರು. ಮುಂದೆ ಹೋಗೋಣ ಎಂದೆ. "ಇಲ್ಲಿಂದ ಚೆನ್ನಾಗಿ ಕಾಣ್ತದೆ" ಎಂದರು. ಕಾಣುತ್ತಿರಲಿಲ್ಲ. ಅಲ್ಲಿಂದಲೇ ಸೆಲ್ಯೂಟ್ ಮಾಡಿದರು, ಕೈ ಬಹಳ ಹೊತ್ತು ಇಳಿಸಲಿಲ್ಲ.

ಇನ್ನು ಸಹಿ ಹಾಕದ ಕಾರಣ. ನಿನ್ನ ಅರ್ಜಿಯ ಮೂರನೆಯ ಪ್ಯಾರಾ. 1965ರ ಯುದ್ಧದಲ್ಲಿ ಪಂಜಾಬಿನ ಖೇಮಕರಣದಲ್ಲಿ ಗುಂಡಿನ ಮಳೆಯ ನಡುವೆ ಹನ್ನೆರಡು ಸೈನಿಕರ ಪ್ರಾಣ ಉಳಿಸಿದರು, ಆದ್ದರಿಂದ ಶೌರ್ಯ ಪ್ರಶಸ್ತಿಗೂ ಪರಿಗಣಿಸಬೇಕು ಎಂದು ಬರೆದಿದ್ದೀಯ.

ಹನ್ನೆರಡು ತಾತ ಹೇಳಿದ್ದಲ್ಲ. ನಾನು ಹೇಳಿದ್ದು.

ತಾತ 2004ರ ಜುಲೈಯಲ್ಲಿ ಹೋದರು. ಮುಂದಿನ ಜನವರಿಯಲ್ಲಿ ನಿನ್ನ ಶಾಲೆಯ ಭಾಷಣಕ್ಕೆ, "ತಾತ ಯುದ್ಧದಲ್ಲಿ ಏನು ಮಾಡಿದ್ರು?" ಎಂದು ಕೇಳಿದೆ. ಎಂಟು ವರ್ಷದ ಮಗು. ಲಾರಿ ಓಡಿಸಿದರು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಶಬ್ದವನ್ನು ನಾನೇ ಹಾಳು ಮಾಡಿದ್ದೆನಲ್ಲ. ಹನ್ನೆರಡು ಜನರನ್ನು ಉಳಿಸಿದರು ಎಂದುಬಿಟ್ಟೆ. ನೀನು ವೇದಿಕೆಯಲ್ಲಿ ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿ, ಮತ್ತೆ ಎರಡು ಬೆರಳು ತೋರಿಸಿದೆ. ಸ್ಟೀಲ್ ಲೋಟ ಬಹುಮಾನ ಬಂತು. ಅದು ಇನ್ನೂ ಅಡುಗೆಮನೆಯಲ್ಲಿದೆ, ಅವ್ವ ಅಕ್ಕಿ ಅಳೆಯುತ್ತಾಳೆ. ಆ ಲೆಕ್ಕವನ್ನು ಆಮೇಲೆ ತಿದ್ದಲು ನನಗೆ ಧೈರ್ಯವಾಗಲಿಲ್ಲ. ಈಗ ಅದನ್ನು ದೀಪದ ಮುಂದೆ, ನಮ್ಮ ಹಿರಿಯ ಗುರುಕಾರೋಣರ ಎದುರು ಇಟ್ಟು ಸಹಿ ಮಾಡು ಎಂದಾಗ ನಾನು ಏನು ಮಾಡಬೇಕಿತ್ತು? ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅದು ಆಗಲಿಲ್ಲ. ತಪ್ಪು ನನ್ನದು, ನಿನ್ನದಲ್ಲ.

ತಾತ ಹೇಳಿದ್ದನ್ನು, ಹೇಳಿದಷ್ಟೇ ಬರೆಯುತ್ತೇನೆ. ಒಂದೇ ಸಲ ಹೇಳಿದ್ದು, ಕಾಫಿ ಕೊಯ್ಲಿನ ಕಾಲದಲ್ಲಿ, ಕಣ ಕಾಯುವ ರಾತ್ರಿ. ಸೇರಿದ್ದು 1957ರಲ್ಲಿ, ಆರ್ಮಿ ಸರ್ವಿಸ್ ಕೋರ್. ಶಕ್ತಿಮಾನ್ ಲಾರಿಯ ಚಾಲಕ. 1965ರ ಸೆಪ್ಟೆಂಬರಿನಲ್ಲಿ ಖೇಮಕರಣದ ಕಡೆ, ಅಸಲ್ ಉತ್ತರ್‌ನಲ್ಲಿ, ನಮ್ಮವರು ಹೊಲಗಳಿಗೆ ನೀರು ಹಾಯಿಸಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಕೆಸರಿನಲ್ಲಿ ಹೂತರು; ಅಬ್ದುಲ್ ಹಮೀದರು ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಒಡೆದು ಅಲ್ಲೇ ಮಡಿದರು. ಅದು ಪುಸ್ತಕಗಳಲ್ಲಿದೆ. ತಾತನ ಪಾಲಿನದು ರಾತ್ರಿಯ ರಸ್ತೆ. ಹೆಡ್‌ಲೈಟ್ ಹಾಕುವಂತಿಲ್ಲ. ಲಾರಿಯ ಹಿಂದಿನ ಅಚ್ಚಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್‌ಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಒಂದು ಪುಟ್ಟ ಬಲ್ಬು ಇಟ್ಟಿರುತ್ತಾರೆ. ಹಿಂದಿನವನಿಗೆ ಕಾಣುವುದು ಆ ಬಿಳಿ ಚುಕ್ಕೆ ಮಾತ್ರ. ಅದನ್ನೇ ನೋಡುತ್ತಾ, ಎರಡೂ ಬದಿ ಆಳೆತ್ತರದ ಕಬ್ಬು, ಬೆನ್ನ ಹಿಂದೆ ತೋಪಿನ ಗುಂಡುಗಳ ಪೆಟ್ಟಿಗೆ. "ಹೋಗುವಾಗ ಗುಂಡು, ಬರುವಾಗ ಗಾಯದವರು" ಎಂದರು.

ಎಷ್ಟು ಜನ ಎಂದು ನಾನು ಕೇಳಿದೆ. ಎಣಿಸಲಿಲ್ಲ ಎಂದರು. ಬಹಳ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: ಒಂದು ರಾತ್ರಿ ಹಿಂದೆ ಮಲಗಿದ್ದ ಹುಡುಗನೊಬ್ಬ ಕ್ಯಾಬಿನ್ನಿನ ತಗಡನ್ನು ತಟ್ಟುತ್ತಾ ಇದ್ದ. ನೀರಿಗೋ ಏನೋ. ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಹಿಂದಿನ ಗಾಡಿ ಕತ್ತಲೆಯಲ್ಲಿ ಬಂದು ಗುದ್ದುತ್ತದೆ. ಸ್ವಲ್ಪ ದೂರ ಹೋದ ಮೇಲೆ ತಟ್ಟುವುದು ನಿಂತಿತು. "ನಿಂತ ಮೇಲೂ ಓಡಿಸಿದೆ" ಎಂದರು. ಎದ್ದು ಹೋಗಿ ಕಣದ ಕಾಫಿಗೆ ಟಾರ್ಪಾಲು ಎಳೆದರು, ಮೋಡವೇ ಇರಲಿಲ್ಲ.

ಅಂಥವರ ಹೆಸರಿನಲ್ಲಿ ನಾನು ಹನ್ನೆರಡು ಜನರನ್ನು ಬದುಕಿಸಿಬಿಟ್ಟೆ. ಅವರಿಗೆ ಗೊತ್ತಾಗಿದ್ದರೆ ಏನನ್ನುತ್ತಿದ್ದರೋ ಎಂದು ಯೋಚಿಸಿದರೆ ನಿದ್ದೆ ಬರುವುದಿಲ್ಲ.

ಆದ್ದರಿಂದ ಆ ಪ್ಯಾರಾ ತೆಗೆ. ದೇವಯ್ಯನವರ ವಿಷಯದಲ್ಲಿ ಶತ್ರುವಿನ ಕಡೆಯಿಂದಲೇ ಸಾಕ್ಷಿ ಬಂತು. ತಾತನಿಗೆ ಸಾಕ್ಷಿ ನಾನೊಬ್ಬ, ನಾನು ಎಂಥ ಸಾಕ್ಷಿ ಎಂದು ಈಗ ನಿನಗೆ ತಿಳಿಯಿತು. ಇನ್ನೊಂದು ಮಾತು ಕೇಳು, ಉಪದೇಶ ಅನ್ನಿಸಿದರೂ ಕೇಳು. ನಾವು ಕೇಳುತ್ತಿರುವುದು ಬಹುಮಾನವಲ್ಲ. 1965ರ ಸಮರ ಸೇವಾ ಸ್ಟಾರ್ ಆಗಲಿ, 1971ರ ಪಶ್ಚಿಮಿ ಸ್ಟಾರ್ ಆಗಲಿ ಶೌರ್ಯಕ್ಕೆ ಕೊಡುವುದಲ್ಲ, ಆ ರಣಭೂಮಿಯಲ್ಲಿ ಇದ್ದು ಕೆಲಸ ಮಾಡಿದವನಿಗೆ ಸಲ್ಲುವುದು. ತೋಪು ಹಾರಿಸಿದವನಿಗೂ ಅದೇ, ಗುಂಡು ತಂದುಕೊಟ್ಟವನಿಗೂ ಅದೇ. ನನ್ನ 1988ರ ಪ್ರಶ್ನೆಗೆ ಉತ್ತರ ಅವರ ಪುಸ್ತಕದಲ್ಲೇ ಬರೆದಿತ್ತು, ನಾನು ತೆರೆದು ನೋಡಲಿಲ್ಲ ಅಷ್ಟೆ. ಮೊನ್ನೆ ನೋಡಿದೆ. ಪದಕಗಳ ಕಾಲಮಿನಲ್ಲಿ ನೇರಳೆ ಶಾಯಿಯಲ್ಲಿ ಸೈನ್ಯ ಸೇವಾ, ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಪದಕ. ಯೂನಿಫಾರ್ಮಿಗೆ ಬಟ್ಟೆಯ ರಿಬ್ಬನ್ ಮಾತ್ರ ಸಿಕ್ಕಿತ್ತು, ಲೋಹದ್ದು ಕೈಗೆ ಬರಲೇ ಇಲ್ಲ. 1971ರಲ್ಲಿ ಅವರು ಶಕರಗಢದ ಕಡೆ ಇದ್ದರು, ಆದರೆ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಎರಡೂ ಪುಸ್ತಕದಲ್ಲಿಲ್ಲ. ಅವು ಸ್ಥಾಪನೆಯಾದದ್ದೇ 1973ರಲ್ಲಿ. ತಾತ 1972ರ ಡಿಸೆಂಬರಿನಲ್ಲೇ ಮನೆಗೆ ಬಂದಿದ್ದರು. ಅದಕ್ಕೆ ಆ ಎರಡನ್ನು ಬೇರೆಯಾಗಿ, ಯೂನಿಟ್ ಮತ್ತು ಸೆಕ್ಟರ್ ಹೆಸರು ಹಾಕಿ ಕೇಳಬೇಕು.

ಹೆಸರಿನ ತೊಡಕೊಂದಿದೆ. ಸೇನೆಯ ಗುಮಾಸ್ತರು ನಮ್ಮ ಮನೆಪೆದ, ಅಂದರೆ ಮನೆತನದ ಹೆಸರು, ಬಿಟ್ಟು ಬರೆದಿದ್ದಾರೆ, ಮರಣಪತ್ರದಲ್ಲಿ ಮನೆಪೆದ ಇದೆ. ಎರಡೂ ಒಬ್ಬರೇ ಎಂದು ನಿನ್ನೆ ವಿರಾಜಪೇಟೆಗೆ ಹೋಗಿ ನೋಟರಿ ಅಫಿಡವಿಟ್ ಮಾಡಿಸಿದೆ. ಅಲ್ಲಿಂದ ಒಂದು ಕಚೇರಿಗೆ ಹೋಗಿ ವಿಚಾರಿಸಿದರೆ, ಮೇಜಿನ ಆಚೆ ಇದ್ದವರು "ಇಷ್ಟು ವರ್ಷ ಎಲ್ಲಿದ್ರಿ?" ಎಂದರು. ನಾನು ತಲೆ ತಗ್ಗಿಸಿದೆ. ನಿನಗೂ ಹೀಗೆ ಕೇಳುತ್ತಾರೆ. ಜಗಳವಾಡಬೇಡ. ನಿನ್ನ ನಾಲಿಗೆ ನನ್ನದೇ, ಹರಿತ, ಅದೇ ನನಗೆ ಹೆದರಿಕೆ. ಸಿಟ್ಟಿನಲ್ಲಿ ಹೇಳಿದ್ದು ಹಿಂದಕ್ಕೆ ಬರುವುದಿಲ್ಲ ಎಂದು ನಿನಗೆ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ಪ್ರತಿ ಅರ್ಜಿಯ ನಕಲು ಇಟ್ಟುಕೋ. ಸ್ಪೀಡ್ ಪೋಸ್ಟಿನಲ್ಲೇ ಕಳಿಸು. ರಸೀದಿ ಕಳೆಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನೀನು ಇದನ್ನು ಹಿಡಿದದ್ದು ನನಗೆ ಎಷ್ಟು ಹೆಮ್ಮೆ ಎಂದು ಆ ದಿನವೇ ಹೇಳಬೇಕಿತ್ತು. ತಾತನ ಸೇನೆಯ ನಂಬರು ನಿನಗೆ ಬಾಯಿಪಾಠವಾಗಿದೆ ಎಂದು ಅವ್ವ ಹೇಳಿದಳು. ನನಗೆ ಪುಸ್ತಕ ನೋಡದೆ ಬರುವುದಿಲ್ಲ. ಪದಕದ ಅಂಚಿನಲ್ಲಿ ಆ ನಂಬರನ್ನೂ ಹೆಸರನ್ನೂ ಕೊರೆದಿರುತ್ತಾರಂತೆ. ಬಂದರೆ ನೀನೇ ಹಾಕಿಕೊಳ್ಳಬೇಕು, ಬಲಗಡೆ. ಎಡಗಡೆ ಸ್ವತಃ ಗಳಿಸಿದವರದು, ಬಲಗಡೆ ಮನೆಯವರದು. ನಾನು ಹಾಕಿಕೊಳ್ಳುವುದಿಲ್ಲ.

ಇದರೊಳಗೆ ಅಫಿಡವಿಟ್, ಮರಣಪತ್ರ, ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಇವೆ. ಮೂಲ ಪುಸ್ತಕ ಅಂಚೆಗೆ ಹಾಕಲು ಮನಸ್ಸಾಗಲಿಲ್ಲ, ಪುತ್ತರಿ ಹಬ್ಬಕ್ಕೆ ಬಂದಾಗ ತೆಗೆದುಕೊಂಡು ಹೋಗು. ಇನ್ನೊಂದು ಹಾಳೆಯೂ ಇದೆ. ತಾತ ಆ ದಿನ ಕೇಳಿದ ಅರ್ಜಿ. ಇಂಗ್ಲಿಷಿನಲ್ಲಿ, ನನ್ನ ಕೈಬರಹದಲ್ಲಿ, ಒಂದೇ ಪುಟ, ಕೆಳಗೆ ಸಹಿ ಹಾಕಿದ್ದೇನೆ. ಎರಡನೆಯ ಸಾಲಿನಲ್ಲಿ ಅವರ ಕೆಲಸವನ್ನು ಬರೆದಿದ್ದೇನೆ: ಡ್ರೈವರ್. ಟೈಪ್ ಮಾಡಿಸುವಾಗ ಆ ಶಬ್ದವನ್ನು ಬದಲಿಸಬೇಡ.

ಅಪ್ಪ