ಕೌನ್ಸೆಲಿಂಗ್ ಹೆಸರಲ್ಲಿ ರಾಜಿ ಪಂಚಾಯ್ತಿ ಬೇಡ

ಸಂಪಾದಕರೇ,

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರು ನೊಂದ ಹೆಂಗಸರಿಗೆ ನೆರವಾಗೋ ಸಾಂತ್ವನ ಕೇಂದ್ರ, ಸಖಿ ಕೇಂದ್ರಗಳಿಗೆ ಸೇರ್ಕೋತಾರೆ, ಆದ್ರೆ ಹೊಡೆತ ತಿಂದು ಬಂದ ಹೆಂಗಸಿನ ಎದುರು ಕೂತು ಏನ್ ಕೇಳ್ಬೇಕು ಏನ್ ಕೇಳ್ಬಾರ್ದು ಅಂತ ಅವರಿಗೆ ಸರಿಯಾಗಿ ಯಾರೂ ಹೇಳ್ಕೊಟ್ಟಿರಲ್ಲ. ನಾನೂ ಅದನ್ನೇ ಓದಿದವಳು. ಫೀಲ್ಡ್ ವರ್ಕ್ ಅಂತ ಹೋದ ಕಡೆ ನಮ್ಗೆ ಸಿಕ್ಕಿದ್ದು ರಿಜಿಸ್ಟರ್ ಬರೆಯೋ ಕೆಲಸ, ಅಲ್ಲಿದ್ದ ಮೇಡಂ ಬಂದವರಿಗೆಲ್ಲ "ಸ್ವಲ್ಪ ಹೊಂದ್ಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು" ಅನ್ನೋರು, ಅದೇ ಕೌನ್ಸೆಲಿಂಗ್ ಅನ್ನೋ ಥರ ಕೇಳಿಸ್ಕೊಂಡು ಪಾಸಾಗಿ ಬಂದ್ವಿ.

ಕಾನೂನು ಹಂಗೆ ಹೇಳಲ್ಲ ಸ್ವಾಮಿ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರದ್ದು, ಅದರ ನಿಯಮ 2006ರಲ್ಲಿ ಬಂತು, ಕೋರ್ಟ್ ಕಳಿಸಿದ ಕೌನ್ಸೆಲಿಂಗ್‌ನಲ್ಲಿ ಗಂಡ ಹಿಂಸೆಗೆ ಸಮರ್ಥನೆ ಕೊಡೋ ಹಾಗೇ ಇಲ್ಲ, ಅದನ್ನ ಅವನಿಗೂ ತಿಳಿಸ್ಬೇಕು ಅಂತ ಅದ್ರಲ್ಲಿ ಸ್ಪಷ್ಟವಾಗಿದೆ. ರಾಜಿ ಮಾತು ಬರೋದು ಹಿಂಸೆ ಅನುಭವಿಸಿದವಳು ಬಯಸಿದ್ರೆ ಮಾತ್ರ. ನಮ್ಮಲ್ಲಿ ಮಾತು ಶುರುವಾಗೋದೇ "ನೀನೇನ್ ಮಾಡಿದ್ದೆ" ಅಂತ!

ಇನ್ನೊಂದು, ಡಿಐಆರ್ ಫಾರಂ, ಅಂದ್ರೆ ಕೌಟುಂಬಿಕ ಹಿಂಸೆ ನಡೆದದ್ದರ ವರದಿ. ಈ ಕಾಯ್ದೆ ಪ್ರಕಾರ ಸರ್ಕಾರ ನೇಮಿಸೋ ಸಂರಕ್ಷಣಾಧಿಕಾರಿ ಇದನ್ನ ತುಂಬಿ ಮ್ಯಾಜಿಸ್ಟ್ರೇಟ್‌ಗೆ ಕಳಿಸ್ಬೇಕು, ಕೇಸಿಗೆ ಇದು ದೊಡ್ಡ ಆಧಾರ. ಅದ್ರಲ್ಲಿ ದೈಹಿಕ, ಲೈಂಗಿಕ, ಮಾತಿನ ಹಿಂಸೆ ಜೊತೆಗೆ ಆರ್ಥಿಕ ಹಿಂಸೆಗೂ ಬೇರೆ ಜಾಗ ಇದೆ. ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸಿನ ಎಟಿಎಂ ಕಾರ್ಡ್ ಗಂಡನ ಜೇಬಲ್ಲಿದೆ ಅನ್ಕೊಳ್ಳಿ, ಒಂದು ಕಾಫಿಗೂ ಅವನನ್ನೇ ಕೇಳ್ಬೇಕು. "ಹೊಡೆದ್ರಾ" ಅಂತ ಕೇಳಿದ್ರೆ ಇಲ್ಲ ಅಂತಾಳೆ. ಟ್ರೈನಿಂಗ್ ಇಲ್ದಿರೋರು ಅಲ್ಲಿಗೇ ಪೆನ್ ಮುಚ್ತಾರೆ, ಸಂಬಳ ಯಾರ ಕೈಗೆ ಹೋಗುತ್ತೆ ಅಂತ ಕೇಳೋದೇ ಇಲ್ಲ.

ಅತ್ಯಾಚಾರಕ್ಕೊಳಗಾದವರಿಗೆ ಮಾಡೋ ಎರಡು ಬೆರಳಿನ ಪರೀಕ್ಷೆ ನಿಲ್ಬೇಕು, ಡಾಕ್ಟರ್‌ಗಳ ಸಿಲಬಸ್ಸನ್ನೂ ಪರಿಶೀಲಿಸಿ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳ್ತು. ನಮ್ಮ ಎಂಎಸ್‌ಡಬ್ಲ್ಯೂ ಸಿಲಬಸ್ ಪರಿಶೀಲಿಸೋದು ಯಾವಾಗ? ಮುಂಬೈಲಿ ಸಮಾಜಕಾರ್ಯ ಕಲಿಸೋ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) 1984ರಲ್ಲೇ ಪೊಲೀಸ್ ವ್ಯವಸ್ಥೆ ಒಳಗೇ ಮಹಿಳೆಯರಿಗೆ ವಿಶೇಷ ಘಟಕ ಮಾಡಿ ಸಮಾಜ ಕಾರ್ಯಕರ್ತರನ್ನ ಕೂರಿಸ್ತು. ನಮ್ಮ ಯೂನಿವರ್ಸಿಟಿಗಳೂ ವಿದ್ಯಾರ್ಥಿಗಳನ್ನ ಸಖಿ ಕೇಂದ್ರದಲ್ಲಿ ಅನುಭವ ಇರೋರ ಪಕ್ಕ ಕೂರಿಸ್ಲಿ, ಆಮೇಲೆ ಗುತ್ತಿಗೆ ಕೆಲಸಕ್ಕೆ ಸೇರಿದ ಮೇಲೂ ತಿಂಗಳಿಗೊಂದ್ಸಲ ಕೇಸ್ ಚರ್ಚೆ ಇಟ್ಕೊಳ್ಳಿ, ದಿನಾ ಅಂಥ ಕಥೆ ಕೇಳಿ ಮನೆಗೆ ಹೋಗೋರಿಗೂ ನಿದ್ದೆ ಬರಲ್ಲ ನೋಡಿ. ಎಕ್ಸಾಮಲ್ಲಿ ಕೇಸ್‌ವರ್ಕ್ (ಒಬ್ಬೊಬ್ಬರ ಸಮಸ್ಯೆ ಹಿಡಿದು ನೆರವಾಗೋ ವಿಧಾನ) ತತ್ವಗಳನ್ನ ವಿವರಿಸಿ ಅಂತ ಕೇಳೋ ಬದಲು ಒಂದು ಡಿಐಆರ್ ತುಂಬಿಸಿ ನೋಡ್ಲಿ.

– ಒಬ್ಬ ಓದುಗಿ, ಹಾವೇರಿ