ನೀರು ಹೊಕ್ಕ ಫೋನು, ಮಿಕ್ಸರ್: ದಯವಿಟ್ಟು ಆನ್ ಮಾಡಿ ನೋಡಬೇಡಿ

ಎಲ್ಲರಿಗೂ ನಮಸ್ಕಾರ. ರಾತ್ರಿ ಮಳೆಗೆ ನಮ್ಮ ಕೇರಿಯ ಕೆಲವು ಮನೆಗಳಿಗೆ ನೀರು ನುಗ್ಗಿದೆ. ಒಳಗೆ ಇನ್ನೂ ನೀರು ನಿಂತಿದ್ದರೆ ಮೇನ್ ಸ್ವಿಚ್ ಮುಟ್ಟಲು ಹೋಗಬೇಡಿ, ಕರೆಂಟು ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ನೆನೆದ ಫೋನನ್ನು ಕೂಡಲೇ ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಚಾರ್ಜಿಂಗ್ ತೂತು ಕೆಳಗೆ ಬರುವಂತೆ ಹಿಡಿದು ಮೆಲ್ಲಗೆ ತಟ್ಟಿ. ನೀರಿಗಿಂತ ಹೆಚ್ಚು ಹಾಳು ಮಾಡುವುದು ನೀರಿರುವಾಗಲೇ ಹರಿಯುವ ಕರೆಂಟು. ಹಾಗಾಗಿ ಚಾರ್ಜಿಗೆ ಹಾಕಲೇಬೇಡಿ.

ಅಕ್ಕಿ ಡಬ್ಬಿ ಬೇಡ. ಅಕ್ಕಿಯ ಪುಡಿ ತೂತಿನೊಳಗೆ ಸೇರುತ್ತದೆ; 2024ರಲ್ಲಿ ಆಪಲ್ ಕಂಪನಿಯೂ ಇದನ್ನೇ ಹೇಳಿದೆ. ಹೇರ್ ಡ್ರೈಯರ್ ಬಿಸಿಯೂ ಬೇಡ. ಫ್ಯಾನ್ ಗಾಳಿ ಸಾಕು, ಆದರೆ ಆಷಾಢದ ಈ ಥಂಡಿಯಲ್ಲಿ ಒಂದು ದಿನಕ್ಕೆ ಒಣಗೀತು ಅಂದುಕೊಳ್ಳಬೇಡಿ.

ಸಮುದ್ರದ ನೀರಾದರೆ ಕಾಯುವ ಮಾತೇ ಇಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿ ಇಳಿಯುವಾಗ ನಮ್ಮ ಅಣ್ಣನ ಫೋನ್ ಉಪ್ಪುನೀರಿಗೆ ಬಿತ್ತು. ಒರೆಸಿ ಇಟ್ಟ, ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಬಿಚ್ಚಿಸಿದರೆ ಬೋರ್ಡಿನ ಮೇಲೆ ಹಸಿರು ಕಿಲುಬು, ಉಗುರು ತಾಗಿಸಿದರೆ ಉದುರುತ್ತಿತ್ತು. ಮಗಳ ಬಾಣಂತನದ ಫೋಟೋಗಳೆಲ್ಲ ಹೋದವು. ಆಫ್ ಮಾಡಿದ ತಕ್ಷಣ ಸಿಹಿನೀರಲ್ಲಿ ಉಪ್ಪು ತೊಳೆದು, ಅದೇ ದಿನ ರಿಪೇರಿಯವರಲ್ಲಿ ಬಿಚ್ಚಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ (ಬೇಗ ಆರಿಹೋಗುವ ಸ್ವಚ್ಛಗೊಳಿಸುವ ದ್ರವ) ಸ್ವಚ್ಛ ಮಾಡಿಸಿ.

ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಬೆಂಕಿ ಹತ್ತಬಹುದು. ಮಿಕ್ಸರ್, ಫ್ರಿಜ್ ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಪ್ಲಗ್ಗಿಗೆ.

ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು ನಮ್ಮ ಮನೆಯಲ್ಲಿವೆ, ಬೇಕಾದವರು ಬಂದು ಒಯ್ಯಿರಿ.