ಗೆಳೆಯನಿಗೊಂದು ಪತ್ರ: ಕಿರುಚಾಟದ ಹಳೇ ದೊರೆ

ಪ್ರೀತಿಯ ರಘು,

ಟಿವಿ ಚರ್ಚೆಗಳ ಕಿರುಚಾಟ ಮೊನ್ನೆ ಮೊನ್ನೆ ಶುರುವಾಗಿದ್ದು ಅಂತ ಬರೆದಿದ್ದೆಯಲ್ಲ, ಅದಕ್ಕೇ ಈ ಪತ್ರ. ಅಮೆರಿಕದಲ್ಲಿ ಮಾರ್ಟನ್ ಡೌನಿ ಜೂನಿಯರ್ ಅಂತ ಒಬ್ಬನಿದ್ದ. 1987ರಲ್ಲಿ ನ್ಯೂಜೆರ್ಸಿಯ ಸಿಕಾಕಸ್ ಊರಿನ ಚಾನೆಲ್ಲಿನಲ್ಲಿ ಅವನ ಚರ್ಚೆಯ ಶೋ ಶುರುವಾಯಿತು. ಮರುವರ್ಷವೇ ದೇಶದ ತುಂಬ ಬರತೊಡಗಿತು.

ಅವನ ವರಸೆ ಹೀಗೆ. ಒಂದು ಕೈಯಲ್ಲಿ ಸಿಗರೇಟು. ಅತಿಥಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಹೊಗೆಯನ್ನು ಮುಖಕ್ಕೇ ಬಿಡುತ್ತಿದ್ದ. ಎದುರಿನವ ಲಿಬರಲ್, ಅಂದರೆ ಉದಾರವಾದಿ, ಆಗಿದ್ದರಂತೂ ಮುಗಿಯಿತು. ವಾದ ಜೋರಾದರೆ 'ಜಿಪ್ ಇಟ್!', ಅಂದರೆ ಬಾಯ್ಮುಚ್ಚು. ಶೋ ನೋಡಲು ಬಂದು ಕೂತ ಜನ ಹುಚ್ಚೆದ್ದು ಕೂಗುತ್ತಿದ್ದರು. ಅವರೂ ಎದ್ದು ಬಂದು ಬೈಯಬಹುದಿತ್ತು, ಅದಕ್ಕೊಂದು ಜಾಗವನ್ನೇ ಇಟ್ಟಿದ್ದರು.

ದುಡಿಯುವ ಸಾಮಾನ್ಯನ ಸಿಟ್ಟು ತನ್ನ ಸಿಟ್ಟು ಅನ್ನುತ್ತಿದ್ದ. ಹುಟ್ಟಿದ್ದು ಮಾತ್ರ ಸಿರಿವಂತರ ಮನೆಯಲ್ಲಿ. ಅಪ್ಪ ಹೆಸರಾಂತ ಗಾಯಕ, ದೊಡ್ಡಮ್ಮ ಚಿಕ್ಕಮ್ಮಂದಿರು ಹಾಲಿವುಡ್ ತಾರೆಯರು, ಕೆನಡಿ ಕುಟುಂಬದ ನೆರೆಹೊರೆ. ಇವನೂ ಹಾಡಿದ, ಹೆಸರು ಬರಲಿಲ್ಲ. ರೇಡಿಯೋಗೆ ಹೋದ. 1984ರಲ್ಲಿ ಸ್ಯಾಕ್ರಮೆಂಟೋದ ರೇಡಿಯೋದಲ್ಲಿ ಚೀನೀಯರನ್ನು ಹೀಯಾಳಿಸಿ ಕೆಲಸ ಕಳೆದುಕೊಂಡ. ಅವನ ಜಾಗಕ್ಕೆ ಬಂದವನು ಯಾರು ಗೊತ್ತಾ? ರಶ್ ಲಿಂಬಾ! ಮುಂದೆ ಅಮೆರಿಕದ ಬಲಪಂಥೀಯ ರೇಡಿಯೋಗೆ ಅವನೇ ದೊರೆಯಾದ.

ನನ್ನ ಮಾತು ಇಷ್ಟೇ. ಡೌನಿ ಜನರನ್ನು ಕೆರಳಿಸಿದ ಅನ್ನುತ್ತಾರೆ, ನನಗೇನೋ ಜನರೇ ಅವನನ್ನು ಹುರಿದುಂಬಿಸಿ ಮುಂದಕ್ಕೆ ತಳ್ಳುತ್ತಿದ್ದರು ಅನ್ನಿಸುತ್ತದೆ. ಇವತ್ತು ಕೂಗಿದ್ದಕ್ಕೆ ಚಪ್ಪಾಳೆ ಬಿದ್ದರೆ ನಾಳೆ ಇನ್ನೂ ಜಾಸ್ತಿ ಕೂಗಬೇಕು. 1988ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಅಪೋಲೋ ಥಿಯೇಟರಿನಲ್ಲಿ ಶೋ ಇಟ್ಟ. ಇಬ್ಬರು ಕರಿಯ ನಾಯಕರು, ರಾಯ್ ಇನ್ನಿಸ್ ಮತ್ತು ಅಲ್ ಶಾರ್ಪ್ಟನ್, ವೇದಿಕೆಯ ಮೇಲೇ ಜಟಾಪಟಿಗೆ ಬಿದ್ದರು. ಇನ್ನಿಸ್ ತಳ್ಳಿದ ರಭಸಕ್ಕೆ ಶಾರ್ಪ್ಟನ್ ಹಿಂದಕ್ಕೆ ಉರುಳಿಬಿದ್ದ. ಇದಾದ ಮೇಲೆ ಬರೀ ಬೈಗುಳ ಯಾರಿಗೆ ಸಾಕು?

ಜಾಹೀರಾತಿನವರು ಮೆಲ್ಲಗೆ ಜಾಗ ಖಾಲಿ ಮಾಡಿದರು. 1989ರ ಏಪ್ರಿಲ್‌ನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ನವನಾಜಿಗಳು ತನ್ನನ್ನು ಹಿಡಿದು, ಕೂದಲು ಕತ್ತರಿಸಿ, ಮುಖದ ಮೇಲೆ ನಾಜಿ ಸ್ವಸ್ತಿಕ ಬರೆದರು ಅಂದ. ಆ ಗುರುತು ತಿರುಗುಮುರುಗಾಗಿತ್ತು! ಕನ್ನಡಿ ನೋಡಿಕೊಂಡು ತಾನೇ ಬರೆದುಕೊಂಡರೆ ಹಾಗೇ ಆಗುವುದು, ಅಲ್ವಾ? ಪೊಲೀಸರಿಗೆ ಪುರಾವೆ ಸಿಗಲಿಲ್ಲ. ಜುಲೈನಲ್ಲಿ ಶೋ ನಿಂತಿತು, 1990ರಲ್ಲಿ ದಿವಾಳಿ.

1996ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂತು. ಒಂದು ಶ್ವಾಸಕೋಶ ತೆಗೆದರು. ಆಮೇಲೆ ಸಿಗರೇಟಿನ ವಿರುದ್ಧವೇ ಪ್ರಚಾರಕ್ಕೆ ನಿಂತ. 2001ರಲ್ಲಿ ತೀರಿಕೊಂಡ, 68 ವರ್ಷ.

ಹಳೇ ತುಣುಕುಗಳು ಯೂಟ್ಯೂಬಿನಲ್ಲಿವೆ, ಬಿಡುವಾದಾಗ ನೋಡು. ಅವನನ್ನು ಬಿಡು, ಹಿಂದೆ ಕೂತವರ ಮುಖ ನೋಡು. ನಾನು ಹೇಳಿದ್ದು ಸುಳ್ಳು ಅನ್ನಿಸಿದರೆ ಬರೆ, ಜಗಳಕ್ಕೆ ನಾನು ಸಿದ್ಧ.

ನಿನ್ನ,
ಸುರೇಶ